ಒಡ್ಡಿನ ಕಂಡಿಗೆ ಅಡ್ಡ ನಿಂತ ಮನೆ

ಹಲಗೆಯ ಮೇಲಿದ್ದುದನ್ನು ನೆವಿಲ್ ಗಟ್ಟಿಯಾಗಿಯೇ ಓದಿದ. "ರಸ್ತೆ ಮುಚ್ಚಿದೆ. ಯಾವ ವಾಹನಕ್ಕೂ ಪ್ರವೇಶವಿಲ್ಲ." ಓದಿ, ವೈಪರ್ ಒರೆಸಿದ ಗಾಜಿನಿಂದ ಹಲಗೆಯ ಆಚೆಯ ರಸ್ತೆಯನ್ನು ನೋಡಿದ. ಆಮೇಲೆ ಸ್ಟಿಯರಿಂಗ್ ತಿರುಗಿಸಿ, ಹಲಗೆಯ ಪಕ್ಕದಿಂದ ಗಾಡಿಯನ್ನು ಒಳಗೆ ನುಗ್ಗಿಸಿದ.

"ಓದಿದ್ಯಲ್ಲ?" ಅಂದೆ.

"ಓದ್ದೆ."

"ಮತ್ತೆ?"

"ಅದು ಯಾವತ್ತೋ ಹಾಕಿದ್ದು ಕಣೇ. ಈ ಕಡೆ ಕೌನ್ಸಿಲ್‌ನೋರು ಹಲಗೆ ಹಾಕ್ತಾರೆ, ತೆಗೆಯೋದು ಮರೀತಾರೆ."

ಹಲಗೆ ಗಾಳಿಗೆ ಬೀಳದಿರಲೆಂದು ಅದರ ಕಾಲಿಗೆ ಒತ್ತಿಟ್ಟಿದ್ದ ಮರಳಿನ ಚೀಲಗಳು ಹೊಸವು. ಅವುಗಳ ಬಿಳಿ ಬಣ್ಣ ಇನ್ನೂ ಮಾಸಿರಲಿಲ್ಲ. ಅದನ್ನು ತೋರಿಸಿದೆ. ಅವನು ನೋಡಲಿಲ್ಲ.

"ನಲವತ್ತು ವರ್ಷ ಲಾರಿ ಓಡಿಸಿದೋನು ನಾನು, ಗ್ಲೆನಿಸ್."

ನಮ್ಮ ಯಾವ ಜಗಳವಾದರೂ ಈ ಮಾತಿಗೆ ಬಂದು ಮುಗಿಯಬೇಕು. ಓಡಿಸಿದ್ದು ನಿಜವೇ. ನ್ಯೂಕಾಸಲ್‌ನಿಂದ ಸಿಡ್ನಿಗೆ, ಬ್ರಿಸ್ಬೇನಿಗೆ ಜನರ ಮಂಚ, ಸೋಫಾ, ಪಿಯಾನೊಗಳನ್ನು ಹೊತ್ತು, ಒಂದು ಗೀರೂ ಬೀಳದಂತೆ ಇಳಿಸಿ ಬಂದವನು. ಆದರೆ ಅದೆಲ್ಲ ಡಾಂಬರು ರಸ್ತೆ. ಪಶ್ಚಿಮದ ಒಳನಾಡಿನ ಈ ಎರೆಮಣ್ಣು ನೆನೆದರೆ ಏನಾಗುತ್ತದೆಂದು ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಗೊತ್ತಿಲ್ಲದವರಿಗಾಗಿಯೇ ಆ ಹಲಗೆ ಹಾಕಿದ್ದರು.

ಅವನು ನಿವೃತ್ತನಾದ ವರ್ಷ ನಾವು ಮನೆ ಮಾರಿದೆವು. ನಾವು ಅನ್ನುವುದು ಸುಳ್ಳು. ಅವನು ಮಾರಿದ, ನಾನು ಸಹಿ ಹಾಕಿದೆ. ಅದರ ಬದಲಿಗೆ ಬಂದದ್ದು ಈ ಮೋಟರ್‌ಹೋಮ್. ಬಸ್ಸಿನಷ್ಟು ಉದ್ದ, ಸಾಮಾನು ಲಾರಿಯಷ್ಟು ಎತ್ತರ. ಒಳಗೆ ಮಂಚ, ಒಲೆ, ಫ್ರಿಜ್ಜು, ಕಕ್ಕಸು, ನಾಲ್ಕು ಜನ ಕೂರುವ ಮೇಜು. ಬಿಸಿಲಿರುವಾಗ ಅದರಲ್ಲಿ ಸುಖವಿತ್ತು, ಇಲ್ಲವೆನ್ನುವುದಿಲ್ಲ. ಸಮುದ್ರದ ದಂಡೆಯಲ್ಲಿ ನಿಲ್ಲಿಸಿ, ಬಾಗಿಲ ಮೇಲಿನ ಬಟ್ಟೆಯ ಚಪ್ಪರ ಬಿಚ್ಚಿ, ಕೆಳಗೆ ಕುರ್ಚಿ ಹಾಕಿಕೊಂಡು ಕೂತ ಸಂಜೆಗಳು ಬೇಕಾದಷ್ಟಿವೆ. ಆದರೆ ಗಾಳಿ ಎದ್ದಿತೋ, ಅದು ಮನೆಯೂ ಅಲ್ಲ, ಲಾರಿಯೂ ಅಲ್ಲ. ಚಕ್ರದ ಮೇಲೆ ನಿಲ್ಲಿಸಿದ ಗೋಡೆ.

ಆ ಗಾಳಿ ಎರಡು ದಿನದಿಂದ ಬಿಟ್ಟೂ ಬಿಡದೆ ಬೀಸುತ್ತಿತ್ತು. ಬಯಲಿನಲ್ಲಿ ಅದನ್ನು ತಡೆಯಲು ಒಂದು ಮರವಿಲ್ಲ. ಪಕ್ಕದಿಂದ ಒದೆಯುತ್ತಿದ್ದ ಗಾಳಿಗೆ ನೆವಿಲ್ ಸ್ಟಿಯರಿಂಗನ್ನು ಓರೆಯಾಗಿ ಹಿಡಿದೇ ಓಡಿಸುತ್ತಿದ್ದ. ಎದುರಿನಿಂದ ಮೂರು ಟ್ರೇಲರಿನ ದನದ ಲಾರಿ ಬಂದರೆ ಒಂದು ಕ್ಷಣ ಗಾಳಿ ನಿಂತು ಗಾಡಿ ಅತ್ತ ವಾಲುವುದು, ಲಾರಿ ದಾಟಿದೊಡನೆ ಮತ್ತೆ ಇತ್ತ ಬಡಿಯುವುದು. ಪ್ರತಿ ಸಲವೂ ಕಪಾಟಿನ ಚಿಲಕ ಕಳಚಿ ಏನಾದರೊಂದು ಬೀಳುತ್ತಿತ್ತು. ಹಿಂದಿನ ರಾತ್ರಿಯ ಗಾಳಿ ಚಪ್ಪರದ ಒಂದು ತೋಳನ್ನು ಮುರಿದಿತ್ತು. ಅದನ್ನು ಹಗ್ಗ ಹಾಕಿ ಕಟ್ಟಿದ್ದೆವು. ಬಟ್ಟೆಯ ಒಂದು ಚುಂಗು ಬಿಚ್ಚಿಕೊಂಡು ದಾರಿಯುದ್ದಕ್ಕೂ ಪಟಪಟ ಹೊಡೆದುಕೊಳ್ಳುತ್ತಿತ್ತು. ಛಾವಣಿಯ ಕಿಂಡಿಯಿಂದ ನೀರು ಸೋರಿ ಹಾಸಿಗೆ ತೊಯ್ದಿತ್ತು. ಹಾಸಿಗೆಯ ಮೇಲೆ ಅನ್ನದ ಪಾತ್ರೆ, ಬಾಣಲೆ, ಬಟ್ಟೆ ಒಗೆಯುವ ಬಕೆಟ್ ಸಾಲಾಗಿ ಇಟ್ಟಿದ್ದೆ. ಅವು ಕುಲುಕಿ, ತುಂಬಿದ್ದೆಲ್ಲ ಮತ್ತೆ ಹಾಸಿಗೆಗೇ ಚೆಲ್ಲಿತು.

ನಾವು ತಂಗಿದ್ದ ಊರಿನಲ್ಲೇ ಇನ್ನೆರಡು ದಿನ ಇರಿ ಅಂತ, ಗಾಡಿ ನಿಲ್ಲಿಸಲು ಜಾಗ ಕೊಟ್ಟಿದ್ದ ಹೆಂಗಸು ಹೇಳಿದ್ದಳು. ನಾನೂ ಹೇಳಿದ್ದೆ. ಆದರೆ ನೆವಿಲ್‌ನ ಮೋಟರ್‌ಹೋಮ್ ಕ್ಲಬ್ಬಿನ ಗೆಳೆಯರು ಆಗಲೇ ಮುಂದಿನ ಊರಿನ ಬಿಸಿನೀರಿನ ಕೊಳದಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು. ಬೆಳಿಗ್ಗೆ ಟ್ರೆವರ್ ಎನ್ನುವವನ ಸಂದೇಶ ಬಂತು: "ನಾವಂತೂ ಸ್ಟೇಷನ್ ರಸ್ತೇಲಿ ಸುರ್ರಂತ ಬಂದ್ವಿ. ನೀನು ಹೆಂಡತಿ ಹತ್ರ ಪರ್ಮಿಷನ್ ಕೇಳ್ಕೊಂಡು ನಿಧಾನಕ್ಕೆ ಬಾ ತಾತ." ಡಾಂಬರು ರಸ್ತೆ ಹಿಡಿದಿದ್ದರೆ ಸುತ್ತು ಬಳಸಿ ಇನ್ನೊಂದು ಇಡೀ ದಿನ. ಇಲ್ಲಿಯವರು ಸ್ಟೇಷನ್ ಎಂದು ಕರೆಯುವ ದೊಡ್ಡ ಕುರಿ ಸಾಕಣೆಯ ಜಮೀನೊಂದರ ಒಳಗಿಂದ ಹೋಗುವ ಈ ಮಣ್ಣಿನ ರಸ್ತೆಯಾದರೆ ಸಂಜೆಗೆ ಬಿಯರ್. ಒಂದು ಬಿಯರಿಗಾಗಿ, ಟ್ರೆವರನ ಒಂದು ಹಲ್ಕಿರಿತಕ್ಕಾಗಿ.

ಮೊದಮೊದಲು ಏನೂ ಆಗಲಿಲ್ಲ. ನೆಲ ಕೆಂಪಗಿತ್ತು, ಗಟ್ಟಿಯಾಗಿತ್ತು. ನೆವಿಲ್ ಸಿಳ್ಳೆ ಹಾಕಿದ. ಆ ಸಿಳ್ಳೆ ಕೇಳಿಯೇ ನನಗೆ ಮೈ ಉರಿಯಿತು. ಆಮೇಲೆ ಕೆಂಪು ಮುಗಿದು ಕಪ್ಪು ಶುರುವಾಯಿತು. ಮಣ್ಣು ಕಲಸಿದ ಹಿಟ್ಟಿನ ಹಾಗೆ ಚಕ್ರಕ್ಕೆ ಪದರ ಪದರವಾಗಿ ಮೆತ್ತಿಕೊಂಡು, ಚಕ್ರದ ಮೇಲಿನ ಜಾಗವೆಲ್ಲ ತುಂಬಿ, ಚಕ್ರಗಳು ಉರುಳುವುದಕ್ಕಿಂತ ಜಾರುವುದೇ ಹೆಚ್ಚಾಯಿತು. ಅವನು ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದರೆ ಗಾಡಿ ತನಗೆ ತೋಚಿದ ಕಡೆ ಹೋಗುತ್ತಿತ್ತು. ಸಿಳ್ಳೆ ನಿಂತಿತ್ತು.

"ನಿಲ್ಲಿಸು, ನೆವ್."

"ನಿಲ್ಸಿದ್ರೆ ಇಲ್ಲೇ ಹೂತ್ಕೋತೀವಿ. ಸುಮ್ನಿರು."

ಎರಡೂ ಬದಿಗೆ ನೀರು ನಿಂತಿತ್ತು. ಅದು ಮಳೆಯ ನೀರೆಂದು ನಾನು ಅಂದುಕೊಂಡೆ. ಎದುರಿಗೆ ಬಯಲಿನ ಉದ್ದಕ್ಕೂ ಒಂದು ಮಣ್ಣಿನ ಒಡ್ಡು ಕಾಣಿಸಿತು. ಒಡ್ಡಿನ ಬುಡಕ್ಕೆ ಹತ್ತಿಕೊಂಡೇ ಆಳದ ಕಾಲುವೆ. ರಸ್ತೆ ಒಂದು ಮೋರಿಯ ಮೇಲೆ ಕಾಲುವೆಯನ್ನು ದಾಟಿ, ಒಡ್ಡನ್ನು ಕಡಿದು ಮಾಡಿದ್ದ ಒಂದು ಕಂಡಿಯಲ್ಲಿ ಏರಿ, ಆಚೆಯ ಮರಳು ದಿಬ್ಬಕ್ಕೆ ಹೋಗುತ್ತಿತ್ತು. ಕಂಡಿಗೆ ಒಂದು ಗೇಟು, ತೆರೆದೇ ಇತ್ತು. ದಿಬ್ಬದ ಮೇಲೆ ತಗಡಿನ ಛಾವಣಿಗಳು.

"ನೋಡು, ಮನೆ! ಗಟ್ಟಿ ನೆಲ!" ಎಂದು ನೆವಿಲ್ ವೇಗ ಹೆಚ್ಚಿಸಿದ. ಗಾಡಿ ಕಂಡಿಯೊಳಗೆ ಮೂತಿ ಹಾಕಿತು, ಏರಲು ನೋಡಿತು, ಅಲ್ಲೇ ಅದರ ಹಿಂಬದಿ ಸರ್ರನೆ ಜಾರಿತು. ಮೂತಿ ಹೋಗಿ ಎಡಗಡೆಯ ಒಡ್ಡಿಗೆ ನಾಟಿಕೊಂಡಿತು. ಬೆನ್ನು ಬಲಗಡೆಯ ಗೇಟಿನ ಕಂಬಕ್ಕೆ ಬಡಿದು ನಿಂತಿತು. ನನ್ನ ಹಿಂದೆ ಕಪಾಟುಗಳೆಲ್ಲ ಒಟ್ಟಿಗೆ ಬಾಯಿ ತೆರೆದವು.

ನಮ್ಮ ಗಾಡಿ ಆ ಕಂಡಿಗೆ ಬಾಗಿಲು ಹಾಕಿದ ಹಾಗೆ ಅಡ್ಡ ನಿಂತಿತ್ತು.

ನೆವಿಲ್ ಆಕ್ಸಿಲರೇಟರ್ ಒತ್ತಿದ. ಚಕ್ರ ಸುತ್ತಿ ಸುತ್ತಿ ಇನ್ನಷ್ಟು ಹೂತುಕೊಂಡಿತು. "ಕಾಲೊರಸು ಚಾಪೆಗಳನ್ನ ಹಿಂದಿನ ಚಕ್ರದ ಕೆಳಗೆ ಕೊಡು, ಗ್ಲೆನ್. ನಾನು ಇಲ್ಲಿಂದ ಏಳೋ ಹಾಗಿಲ್ಲ" ಎಂದ. ಅರವತ್ತಾರು ವರ್ಷದ ನಾನು ಮಳೆಯಲ್ಲಿ ಇಳಿದೆ. ಮೊದಲ ಹೆಜ್ಜೆಗೇ ಮಣ್ಣು ಒಂದು ಬೂಟನ್ನು ಕಿತ್ತುಕೊಂಡಿತು. ಕುಂಟುತ್ತಾ ಹೋಗಿ ಚಾಪೆಗಳನ್ನು ಚಕ್ರದ ಬುಡಕ್ಕೆ ತುರುಕಿದೆ. "ಆಯ್ತಾ?" ಎಂದು ಕಿರುಚಿದವನೇ ನನ್ನ ಉತ್ತರಕ್ಕೂ ಕಾಯದೆ ಒತ್ತಿದ. ಚಾಪೆ ಎಲ್ಲಿ ಹೋಯಿತೋ, ಮಣ್ಣು ಮಾತ್ರ ತಲೆಯಿಂದ ಹೊಟ್ಟೆಯವರೆಗೆ ನನಗೆ ಬಂದು ಬಡಿಯಿತು. ಬಾಯಲ್ಲೂ ಹೋಯಿತು. ಅದನ್ನು ಉಗಿಯುತ್ತಾ ನಿಂತಿದ್ದಾಗಲೇ ನಾಲ್ಕು ಚಕ್ರದ ಬೈಕೊಂದರ ಸದ್ದು ಕೇಳಿಸಿತು.

ಬಯಲಿನ ಕಡೆಯಿಂದ ಬಂದವಳು ನಲವತ್ತೈದರ ಸುಮಾರಿನ ಹೆಂಗಸು. ಎಣ್ಣೆಬಟ್ಟೆಯ ಕೋಟು, ಟೋಪಿಯ ಅಂಚಿನಿಂದ ನೀರು ಸುರಿಯುತ್ತಿತ್ತು. ಬೈಕು ನಿಲ್ಲಿಸಿ, ಗಾಡಿಯನ್ನು ಮೂತಿಯಿಂದ ಬಾಲದವರೆಗೆ ನೋಡಿದಳು.

"ಬೋರ್ಡ್ ಓದೋಕೆ ಬರಲ್ವಾ ನಿಮಗೆ?"

ನೆವಿಲ್ ಕಿಟಕಿ ಇಳಿಸಿದ. "ಓ, ಬಂದ್ರಾ! ಒಳ್ಳೇದಾಯ್ತು. ಒಂದು ಟ್ರ್ಯಾಕ್ಟರ್ ಇದ್ರೆ ಸ್ವಲ್ಪ—"

"ಬೋರ್ಡ್ ಓದೋಕೆ ಬರಲ್ವಾ ಅಂದೆ."

"ಇದು ಸರ್ಕಾರಿ ರಸ್ತೆ ಕಣಮ್ಮಾ. ನಿಮ್ಮ ಅಪ್ಪನ ಅಂಗಳ ಅಲ್ಲ."

"ನಮ್ಮಪ್ಪನ ಅಂಗಳ ಅಲ್ಲ, ನಮ್ಮಪ್ಪನ ಒಡ್ಡು" ಎಂದಳು ಅವಳು. ದನಿ ಏರಿಸಲಿಲ್ಲ, ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. "ಮೇಲ್ಗಡೆ ನದಿ ದಡ ಮೀರಿದೆ. ನೀವು ಬಂದ ದಾರೀಲಿ ನೋಡಿದ್ರಲ್ಲ ನೀರು, ಅದು ಮಳೆ ನೀರಲ್ಲ. ಕತ್ತಲಾಗೋಷ್ಟರಲ್ಲಿ ಈ ಬಯಲಿಡೀ ಎದೆಮಟ್ಟ ನಿಲ್ಲತ್ತೆ. ನನ್ನ ತಾಯಿ ಕುರಿ, ಮರಿ ಎಲ್ಲಾ ಈ ಕಡೆ ಇದಾವೆ. ದಿಬ್ಬಕ್ಕೆ ಹತ್ತೋಕೆ ಇರೋದು ಇದೊಂದೇ ಕಂಡಿ. ಒಂದೇ ಒಂದು. ಅದರಲ್ಲಿ ನೀವು ನಿಮ್ಮ ಕಕ್ಕಸು ತಂದು ನಿಲ್ಸಿದೀರ."

ಅವಳು ಹೇಳಿ ಮುಗಿಸುವಷ್ಟರಲ್ಲಿ ಹಿಂದೆ ಮಳೆಯೊಳಗಿಂದ ಕುರಿಗಳು ಮೂಡಿದವು. ನೂರಾರು. ಉಣ್ಣೆ ನೀರು ಕುಡಿದು ಜೋತುಬಿದ್ದಿತ್ತು. ಮರಿಗಳು ತಾಯಂದಿರ ಹೊಟ್ಟೆಗೆ ಒತ್ತಿಕೊಂಡು ಅರಚುತ್ತಿದ್ದವು. ಅವುಗಳ ಹಿಂದೆ ಇನ್ನೊಂದು ಬೈಕಿನಲ್ಲಿ ಅವಳ ತಮ್ಮ, ಜೊತೆಗೆ ಮೂರು ನಾಯಿಗಳು. ತಮ್ಮ ಗಾಡಿಯನ್ನು ಕಂಡು, "ಅಯ್ಯೋ ನಿನ್ನ! ಇದೇನು ಬ್ರಾನ್ವಿನ್?" ಎಂದು ಅಲ್ಲಿಂದಲೇ ಕೂಗಿದ.

"ಪ್ರವಾಸಿಗರು ಕಣೋ ಡಾರ್ಸಿ. ರಜಕ್ಕೆ ಬಂದಿದಾರೆ."

ನನ್ನ ಮುಖದ ಮೇಲಿನ ಮಣ್ಣು ಆ ಮಾತಿಗೆ ಬಿಸಿಯಾಯಿತು.

ಗಾಡಿಯ ಹಿಂಬದಿಗೂ ಕಂಬಕ್ಕೂ ನಡುವೆ ಕೆಳಗಡೆ ಒಂದು ಸಂದು ಉಳಿದಿತ್ತು. ಕುರಿಯೊಂದು ನುಸುಳಬಹುದು. ಅದರಲ್ಲೇ ಬಿಡೋಣವೆಂದು ಡಾರ್ಸಿ ಹೇಳಿದ. ನಾಯಿಗಳು ಹಿಂಡನ್ನು ಒತ್ತಿಕೊಂಡು ಬಂದವು. ಆದರೆ ಮುಂದಿನ ಕುರಿಗಳು ಸಂದಿನ ಹತ್ತಿರ ಬಂದು ನಾಲ್ಕೂ ಕಾಲು ಊರಿ ನಿಂತವು. ನಮ್ಮ ಚಪ್ಪರದ ಬಟ್ಟೆ ಅವುಗಳ ತಲೆಯ ಮೇಲೇ ಚಟೀರ್ ಚಟೀರ್ ಎಂದು ಹೊಡೆದುಕೊಳ್ಳುತ್ತಿತ್ತು.

"ಆ ದರಿದ್ರ ಬಟ್ಟೆ ತೆಗೀರಿ!" ಎಂದು ಬ್ರಾನ್ವಿನ್ ಕೂಗಿದಳು.

"ಅದನ್ನ ಬಿಚ್ಚೋಕೆ ಸ್ಪ್ಯಾನರ್ ಬೇಕು, ಟೈಮ್ ಹಿಡಿಯತ್ತೆ" ಎಂದು ನೆವಿಲ್ ಕಿಟಕಿಯಿಂದ ಹೇಳಿದ. ಅವನಿನ್ನೂ ಸೀಟಿನಲ್ಲೇ ಇದ್ದ. ಆ ಸೀಟಿನಲ್ಲಿ ಕೂತೇ ಇದ್ದರೆ ಗಾಡಿ ಓಡುತ್ತಿದೆಯೆಂದು ಅರ್ಥವೇನೋ!

ನಾನು ಒಳಗೆ ಹೋಗಿ, ನೆಲದಲ್ಲಿ ಚೆಲ್ಲಿದ್ದ ಚಮಚ ಸೌಟುಗಳ ನಡುವಿಂದ ಬ್ರೆಡ್ ಕೊಯ್ಯುವ ಚಾಕು ಹುಡುಕಿ ತಂದೆ. ಮೆಟ್ಟಿಲ ಮೇಲೆ ನಿಂತು, ಹಗ್ಗವನ್ನೂ ಬಟ್ಟೆಯನ್ನೂ ಒಟ್ಟಿಗೇ ಕೊಯ್ದೆ. ಸಮುದ್ರದ ದಂಡೆಯ ಸಂಜೆಗಳೆಲ್ಲ ಆ ಬಟ್ಟೆಯ ಕೆಳಗೇ ಕಳೆದದ್ದು. ಕೊಯ್ಯುವಾಗ ನನಗೇನೂ ಅನಿಸಲಿಲ್ಲ. ಇನ್ನೂ ಕೊಯ್ಯಬೇಕೆನಿಸಿತು. "ಏಯ್, ಏಯ್! ಏನ್ಮಾಡ್ತಿದೀಯ?" ಎಂದು ನೆವಿಲ್ ಕಿರುಚುತ್ತಿದ್ದ. ಬಟ್ಟೆ ಗಾಳಿಗೆ ಹಾರಿ ಕಾಲುವೆಗೆ ಬಿತ್ತು.

ಕುರಿಗಳು ಒಂದೊಂದಾಗಿ ನುಸುಳಿದವು. ಐದು, ಹತ್ತು. ಆಮೇಲೆ ಒಂದು ದಪ್ಪ ತಾಯಿ ಕುರಿ ಸಂದು ಬಿಟ್ಟು ಗಾಡಿಯ ಅಡಿಗೇ ನುಗ್ಗಿ ಸಿಕ್ಕಿಕೊಂಡಿತು. ಹಿಂದಿನವು ಅದರ ಮೇಲೆ ಹತ್ತಿದವು, ಅವುಗಳ ಮೇಲೆ ಇನ್ನಷ್ಟು. ಡಾರ್ಸಿ ಜಿಗಿದು ಬಂದು ಕಾಲು ಹಿಡಿದು ಒಂದೊಂದನ್ನೇ ಹಿಂದಕ್ಕೆ ಎಸೆದ. ಅಡಿಯಲ್ಲಿದ್ದದ್ದು ಆಗಲೇ ಉಸಿರುಗಟ್ಟಿ ಸತ್ತಿತ್ತು.

"ಹೀಗಾಗಲ್ಲ" ಎಂದಳು ಬ್ರಾನ್ವಿನ್. "ಟ್ರ್ಯಾಕ್ಟರ್ ತಗೊಂಬಾ."

ಡಾರ್ಸಿ ಒಡ್ಡು ಹತ್ತಿ ದಿಬ್ಬಕ್ಕೆ ಓಡಿದ. ಟ್ರ್ಯಾಕ್ಟರ್ ಬಂತು. ಮುಂದಿನ ಕೊಕ್ಕೆಗೆ ಸರಪಳಿ ಹಾಕಿ ನೇರ ಎಳೆಯಬೇಕು, ಬೇರೆಲ್ಲೂ ಮುಟ್ಟಬಾರದು ಅಂತ ನೆವಿಲ್ ಹಟ ಹಿಡಿದ. ಹಾಗೇ ಎಳೆದರು. ಗಾಡಿಯ ಹೊಟ್ಟೆ ನೆಲಕ್ಕೆ ಅಂಟಿ ಕೂತಿತ್ತು. ಒಂದು ಗೇಣೂ ಮಿಸುಕಲಿಲ್ಲ, ಕೊಕ್ಕೆಯೇ ಕಿತ್ತುಬಂತು. ಬ್ರಾನ್ವಿನ್ ಒಮ್ಮೆ ಬಯಲಿನ ಕಡೆ ತಿರುಗಿ ನೋಡಿದಳು. ನಾವು ಬಂದ ರಸ್ತೆ ಈಗ ಕಾಣುತ್ತಿರಲಿಲ್ಲ.

"ಉಳಿದಿರೋದು ಒಂದೇ ದಾರಿ" ಎಂದಳು. "ಹಿಂದಿನ ಆಕ್ಸಲ್‌ಗೆ ಸರಪಳಿ ಸುತ್ತಿ ಅಡ್ಡಕ್ಕೆ ಎಳೀತೀವಿ. ಒಡ್ಡಿನ ಆಚೆ ಚರಂಡಿಗೆ ಬೀಳತ್ತೆ."

"ಬೀಳತ್ತೆ ಅಂದ್ರೆ?" ಎಂದ ನೆವಿಲ್.

"ಬೀಳತ್ತೆ ಅಂದ್ರೆ ಬೀಳತ್ತೆ. ಮಗ್ಗುಲಾಗತ್ತೆ."

"ತಲೆ ಕೆಟ್ಟಿದ್ಯೇನಮ್ಮಾ ನಿನಗೆ? ಇದು ನನ್ನ ಮನೆ. ಕುರಿಗೋಸ್ಕರ ನನ್ನ ಮನೆ ಬೀಳಿಸ್ತೀಯ?"

"ಕುರಿ ನನ್ನ ಮನೆ ಕಣ್ರೀ. ಇಳೀರಿ ಕೆಳಗೆ."

ನೆವಿಲ್ ಕಿಟಕಿ ಏರಿಸಿ ತನ್ನ ಕಡೆಯ ಬಾಗಿಲಿನ ಲಾಕ್ ಒತ್ತಿದ. ನಾನು ಅದರ ಟಕ್ ಶಬ್ದವನ್ನು ಮಳೆಯಲ್ಲೂ ಕೇಳಿದೆ. ಒಳಗೆ ಮನುಷ್ಯನಿರುವಾಗ ಗಾಡಿಯನ್ನು ಉರುಳಿಸುವ ಹಾಗಿಲ್ಲ ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಡಾರ್ಸಿ ಹೋಗಿ ಗಾಜು ತಟ್ಟಿದ. "ಇಳೀರಿ ತಾತ, ಹುಡುಗಾಟ ಬೇಡ. ಬಿಸಿ ಟೀ ಕೊಡ್ತೀನಿ, ಇಳೀರಿ." ನೆವಿಲ್ ಎದುರಿಗಿದ್ದ ಮಣ್ಣಿನ ಗೋಡೆಯನ್ನೇ ನೋಡುತ್ತಾ ಕೂತ.

ಗಾಡಿಯ ಪಕ್ಕದ ಬಾಗಿಲಿನಿಂದ ನಾನು ಒಳಗೆ ಹೋದೆ. ಅವನ ರಕ್ತದೊತ್ತಡದ ಮಾತ್ರೆ, ನನ್ನ ಕೈಚೀಲ, ಒಂದು ಒಣ ಸ್ವೆಟರ್ ತೆಗೆದುಕೊಂಡೆ. "ನಿನ್ನ ಮಾತ್ರೆ ನನ್ನ ಹತ್ರ ಇದೆ. ಬೇಕಾದ್ರೆ ಇಳಿದು ಬಾ" ಎಂದೆ.

ಅವನು ತಿರುಗಿದ. ಕಣ್ಣು ಕೆಂಪಗಿತ್ತು. "ಇದೂ ಹೋದ್ರೆ ನಮಗೆ ಏನು ಉಳಿಯತ್ತೆ ಗ್ಲೆನ್? ಎಲ್ಲಿಗೆ ಹೋಗ್ತೀವಿ?"

ಬೇರೆ ದಿನವಾಗಿದ್ದರೆ ನಾನು ಅವನ ಹೆಗಲ ಮೇಲೆ ಕೈಯಿಡುತ್ತಿದ್ದೆ. "ಇದನ್ನ ಮನೆ ಮಾರೋ ದಿನ ನಾನು ಕೇಳಿದ್ದೆ" ಎಂದೆ. "ಅಡುಗೆಮನೇಲಿ ನಿಂತು, ಇದೇ ಮಾತಲ್ಲಿ ಕೇಳಿದ್ದೆ. ನೀನು ಆವತ್ತೂ ಸಿಳ್ಳೆ ಹಾಕಿದ್ದೆ." ಹೇಳಿ ಇಳಿದುಬಿಟ್ಟೆ.

ನನ್ನ ಮಾತಿಗೆ ಅವನಿಗೆ ಸಿಟ್ಟು ಬಂದಿರಬೇಕು. ಅಥವಾ ತಾನೇ ಬಿಡಿಸಿಕೊಂಡು ತೋರಿಸುತ್ತೇನೆಂಬ ಛಲವೋ. ಎಂಜಿನ್ ಶುರು ಮಾಡಿ, ಕಾಲು ಪೂರ್ತಿ ಒತ್ತಿಬಿಟ್ಟ. ಗಾಡಿ ಒದರಿತು, ಹೊಗೆ ಎದ್ದಿತು, ಮಣ್ಣಿನ ಹೆಂಟೆಗಳು ಸಿಡಿದು ಕುರಿಗಳ ಮುಖಕ್ಕೆ ಹೊಡೆದವು. ಹಿಂಡು ಹೆದರಿ ಹಿಂದಕ್ಕೆ ತಿರುಗಿತು. ನಾಯಿಗಳು ಅಡ್ಡ ಬಂದವು. ತಿರುಗಲು ಜಾಗವಿಲ್ಲದೆ ಅಂಚಿನಲ್ಲಿದ್ದವು ಕಾಲುವೆಗೆ ಸುರಿದವು. ಸುರಿದವು ಎನ್ನುವುದೇ ಸರಿ, ಗೋಣಿಯಿಂದ ಕಾಳು ಸುರಿದ ಹಾಗೆ.

ಬ್ರಾನ್ವಿನ್ ಕೋಟು ಕಿತ್ತೆಸೆದು ನೀರಿಗೆ ಹಾರಿದಳು. ಡಾರ್ಸಿ ಟ್ರ್ಯಾಕ್ಟರಿನಿಂದ ಓಡಿಬಂದು ಹಾರಿದ. ನಾನೂ ಇಳಿದೆ. ಯಾಕೆ ಇಳಿದೆನೋ, ಈಜು ಬಾರದವಳು. ಅಂಚಿನ ಹುಲ್ಲನ್ನು ಒಂದು ಕೈಯಲ್ಲಿ ಹಿಡಿದು ಸೊಂಟದವರೆಗಿನ ನೀರಿನಲ್ಲಿ ನಿಂತೆ. ಒಂದು ಕುರಿ ನನ್ನ ಕಡೆಗೇ ಬಂತು. ಅದರ ಕತ್ತಿನ ಉಣ್ಣೆ ನನ್ನ ಮುಷ್ಟಿಗೆ ಸಿಕ್ಕಿತು. ನೀರು ಕುಡಿದ ಉಣ್ಣೆ ಎಷ್ಟು ಭಾರವೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಒಬ್ಬ ಮನುಷ್ಯನನ್ನು ಎಳೆದ ಹಾಗಿತ್ತು. ಅದು ಒದೆಯಲಿಲ್ಲ, ಅರಚಲಿಲ್ಲ. ನನ್ನನ್ನು ನೋಡಿತು, ಮೂಗು ನೀರಿನ ಕೆಳಗೆ ಹೋಯಿತು, ಬೆರಳುಗಳಿಂದ ಜಾರಿತು. ಕೈಯಲ್ಲಿ ಒಂದು ಹಿಡಿ ಉಣ್ಣೆ ಉಳಿಯಿತು.

ಮೇಲೆ ಎಂಜಿನ್ ಇನ್ನೂ ಒದರುತ್ತಿತ್ತು.

ನಾನು ಹತ್ತಿ ಬಂದೆ. ಒಂದು ಕಾಲಲ್ಲಿ ಬೂಟು, ಇನ್ನೊಂದರಲ್ಲಿ ಕಾಲುಚೀಲವೂ ಇಲ್ಲ. ಡ್ರೈವರ್ ಬಾಗಿಲಿನ ಗಾಜಿಗೆ ಮುಷ್ಟಿಯಿಂದ ಗುದ್ದಿದೆ. ನನ್ನ ಜೀವಮಾನದಲ್ಲಿ ನಾನು ಯಾವುದಕ್ಕೂ ಹಾಗೆ ಗುದ್ದಿರಲಿಲ್ಲ. ಎರಡನೆಯ ಗುದ್ದಿಗೆ ಅವನು ಎಂಜಿನ್ ನಿಲ್ಲಿಸಿದ. ಗಾಜಿನ ಆಚೆಯಿಂದ ನನ್ನನ್ನು ನೋಡಿದ. ಏನು ಕಂಡನೋ. ಗುರುತು ಸಿಗದವನ ಹಾಗೆ ನೋಡಿದ.

"ಇಳಿ" ಎಂದೆ.

ಲಾಕ್ ತೆಗೆದ.

"ಗ್ಲೆನ್, ನಾನು—"

"ಇಳಿಯೋ!"

ಅವನ ಅಂಗಿಯ ಕೊರಳಪಟ್ಟಿ ಹಿಡಿದು ಎಳೆದೆ. ಮೆಟ್ಟಿಲು ತಪ್ಪಿ ಮಂಡಿಯೂರಿ ಮಣ್ಣಿಗೆ ಬಿದ್ದ. ಎತ್ತಲಿಲ್ಲ. ಕಾಲುವೆಯಿಂದ ಹತ್ತಿ ಬರುತ್ತಿದ್ದ ಬ್ರಾನ್ವಿನ್‌ಗೆ, "ಎಳೀರಿ. ಅದು ನನ್ನ ಹೆಸರಲ್ಲೂ ಇದೆ. ನಾನು ಹೇಳ್ತಿದೀನಿ, ಎಳೀರಿ" ಎಂದೆ.

ಅವಳು ನನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಡಾರ್ಸಿಗೆ ಕೈ ಬೀಸಿದಳು.

ಡಾರ್ಸಿ ಹೊಟ್ಟೆಯ ಮೇಲೆ ಮಲಗಿ ಗಾಡಿಯ ಅಡಿಗೆ ತೆವಳಿ ಸರಪಳಿ ಸುತ್ತಿ ಬಂದ. ಟ್ರ್ಯಾಕ್ಟರ್ ಎಳೆಯಿತು. ಮೊದಲು ಗೇಟಿನ ಕಂಬ ಬುಡಸಮೇತ ಎದ್ದು ಬಂತು, ಅದರ ಜೊತೆ ಬೇಲಿಯ ತಂತಿ ಕಿಂಯ್ ಎಂದು ಹರಿಯಿತು. ಗಾಡಿಯ ಬೆನ್ನು ನಿಧಾನಕ್ಕೆ ಜಾರಿ, ಒಡ್ಡಿನ ಆಚೆಯ ಇಳಿಜಾರಿಗೆ ಬಂದು, ಅಲ್ಲಿ ಒಮ್ಮೆ ಯೋಚಿಸುವ ಹಾಗೆ ನಿಂತಿತು. ಆಮೇಲೆ ಮಗ್ಗುಲಾಗಿ ಚರಂಡಿಗೆ ಬಿತ್ತು. ಒಳಗೆ ಇದ್ದಬದ್ದದ್ದೆಲ್ಲ ಒಡೆಯುವ ಸದ್ದು ಸುಮಾರು ಹೊತ್ತು ಬರುತ್ತಲೇ ಇತ್ತು.

ನಾಯಿಗಳಿಗೆ ಯಾರೂ ಹೇಳಬೇಕಾಗಲಿಲ್ಲ. ಕುರಿಗಳು ಕಂಡಿಯಲ್ಲಿ ಒತ್ತೊತ್ತಾಗಿ ಏರಿ ನಮ್ಮ ಮುಂದೆ ಹಾದುಹೋದವು. ನಮ್ಮ ತೆರೆದ ಬಾಗಿಲಿನಿಂದ ಬಿದ್ದಿದ್ದ ದಿಂಬು, ಟವೆಲ್ಲು, ಬಿಸ್ಕತ್ತಿನ ಡಬ್ಬಗಳನ್ನು ತುಳಿದುಕೊಂಡು ಹೋದವು. ನೆವಿಲ್ ಒಡ್ಡಿನ ಮೇಲೆ ಕೂತು ಅದನ್ನು ನೋಡುತ್ತಿದ್ದ. ನಾನು ಅವನಿಂದ ದೂರ ನಿಂತಿದ್ದೆ. ಎಲ್ಲವೂ ಹತ್ತಿದ ಮೇಲೆ ಡಾರ್ಸಿ ಕಾಲುವೆಯ ಕಡೆ ತಿರುಗಿ ಟೋಪಿ ತೆಗೆದು ನೀರು ಕೊಡವಿದ. ಅಲ್ಲಿ ಬೂದುಬಣ್ಣದ ಬೆನ್ನುಗಳು ತೇಲುತ್ತಿದ್ದವು.

ಉಣ್ಣೆ ಕತ್ತರಿಸುವವರು ಬಂದಾಗ ತಂಗುವ ಉದ್ದನೆಯ ತಗಡಿನ ಮನೆಯಲ್ಲಿ ನಮ್ಮನ್ನು ಇರಿಸಿದರು. ಒಲೆ, ಕಟ್ಟಿಗೆ, ಕಂಬಳಿ ಇದ್ದವು. ಬ್ರಾನ್ವಿನ್ ಕುರಿಮಾಂಸದ ಸಾರಿನ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ನೀರು ಇಳಿಯೋವರೆಗೂ ಎಲ್ಲಿಗೂ ಹೋಗೋಕಾಗಲ್ಲ. ಊಟ ಇರತ್ತೆ. ಮಾತು ಮಾತ್ರ ಕೇಳಬೇಡಿ ನನ್ನ ಹತ್ರ."

"ನನ್ನಿಂದ ತಪ್ಪಾಯ್ತು" ಎಂದ ನೆವಿಲ್. ಅವನ ಬಾಯಿಂದ ಆ ಮಾತನ್ನು ನಾನು ಹಿಂದೆ ಕೇಳಿದ ನೆನಪಿಲ್ಲ.

"ಹೌದು" ಎಂದಳು ಅವಳು. "ಆಯ್ತು. ಅದರಿಂದ ಒಂದೂ ಎದ್ದು ಬರಲ್ಲ." ಬಾಗಿಲು ಎಳೆದುಕೊಂಡು ಹೋದಳು.

ಮರುದಿನ ಅವರ ಮನೆಯ ಅಂಗಳದಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತು. ಟ್ರೆವರನ ಸಂದೇಶಗಳು ಬಂದು ಬಿದ್ದವು. ಮೊದಲನೆಯದು ನಾವು ಆ ಹಲಗೆ ದಾಟಿದ ಸ್ವಲ್ಪ ಹೊತ್ತಿಗೇ ಕಳಿಸಿದ್ದು. "ಲೋ ನೆವ್, ತಮಾಷೆ ಮಾಡಿದ್ದು ಕಣೋ. ನಾವು ಡಾಂಬರ್ ರಸ್ತೇಲೇ ಬಂದದ್ದು. ಆ ಕಡೆ ಬರಬೇಡ, ಮುಚ್ಚಿದೆಯಂತೆ." ನೆವಿಲ್ ಅದನ್ನು ಓದಿ ಫೋನನ್ನು ನನ್ನ ಕೈಗೆ ಕೊಟ್ಟ. ನಾನೂ ಓದಿದೆ. ಆ ಟ್ರೆವರ್ ಎದುರಿಗಿದ್ದಿದ್ದರೆ ಅವನನ್ನೂ ಕೊರಳಪಟ್ಟಿ ಹಿಡಿದು ಎಳೆಯುತ್ತಿದ್ದೆ. ಆದರೆ ಓಡಿಸಿದ್ದು ಟ್ರೆವರ್ ಅಲ್ಲ. ಫೋನನ್ನು ಹಿಂದಕ್ಕೆ ಕೊಟ್ಟು, "ಇದನ್ನ ನಂಗ್ಯಾಕೆ ತೋರಿಸ್ತೀಯ?" ಎಂದೆ.

ಮಳೆ ನಿಂತು, ಒಡ್ಡಿನ ಅಂಚಿಗೆ ತೇಲಿಬಂದ ಸತ್ತ ಕುರಿಗಳು ಬಿಸಿಲಿಗೆ ಉಬ್ಬಿ ನಾರತೊಡಗಿದವು. ಡಾರ್ಸಿ ಅವನ್ನು ಎಳೆದು ರಾಶಿ ಹಾಕಲು ಹೊರಟಾಗ ನೆವಿಲ್ ತಾನೂ ಎದ್ದು ಹೋದ. ಯಾರೂ ಕರೆದಿರಲಿಲ್ಲ. ಸಂಜೆ ಬಂದವನು ಬಾಗಿಲಲ್ಲೇ ವಾಂತಿ ಮಾಡಿಕೊಂಡ. ಮಾರನೆಯ ದಿನ ಮತ್ತೆ ಹೋದ. ನೋಡಿದವರು ಪಾಪ ಅನ್ನಬಹುದು. ನನಗೆ ಪಾಪ ಅನಿಸಲಿಲ್ಲ. ಅನಿಸಬೇಕೆಂದು ಅವನು ಕಾಯುತ್ತಿದ್ದಾನೆ ಎನಿಸಿ ಇನ್ನಷ್ಟು ಸಿಟ್ಟು ಬಂತು.

ಚರಂಡಿಯಲ್ಲಿ ಮಲಗಿದ್ದ ನಮ್ಮ ಗಾಡಿಯೊಳಗೆ ಒಮ್ಮೆ ನುಸುಳಿ ಹೋಗಿದ್ದೆ. ಗೋಡೆಯ ಮೇಲೆ ನಡೆಯಬೇಕು, ಒಲೆ ಮಗ್ಗುಲಾಗಿ ಮಲಗಿರುತ್ತದೆ. ಎಲ್ಲದರ ಮೇಲೂ ಕಪ್ಪು ಮಣ್ಣು. ಬೇಕಾದದ್ದು ಹುಡುಕೋಣವೆಂದು ಹೋದವಳಿಗೆ ಬೇಕೆನಿಸಿದ್ದು ಏನೂ ಸಿಗಲಿಲ್ಲ. ಮುಚ್ಚಿದ ರಸ್ತೆಯಲ್ಲಿ ಆದದ್ದಕ್ಕೆ ತಾವು ಹೊಣೆಯಲ್ಲವೆಂದು ವಿಮೆಯವರು ಫೋನಿನಲ್ಲೇ ಹೇಳಿ ಮುಗಿಸಿದರು.

ಟಪಾಲು ತರುವ ಸಣ್ಣ ವಿಮಾನ ದಿಬ್ಬದ ಮೇಲಿನ ಬಯಲಿಗೆ ಇಳಿದ ದಿನ, ಒಬ್ಬರಿಗೆ ಜಾಗವಿದೆ ಎಂದು ಬ್ರಾನ್ವಿನ್ ಹೇಳಿಕಳಿಸಿದಳು. ನೆವಿಲ್ ನನ್ನ ಕಡೆ ನೋಡಿದ. ನಾನು ಕೈಚೀಲ ಹೆಗಲಿಗೆ ಹಾಕಿಕೊಂಡೆ.

"ಡಬ್ಬೊ ಊರಲ್ಲಿರೋ ನನ್ನ ತಂಗಿ ಮನೆಗೆ ಹೋಗ್ತೀನಿ."

"ನಾನು?"

"ನೀನು ಕಿತ್ತ ಕಂಬ ಅಲ್ಲೇ ಬಿದ್ದಿದೆ. ಬೇಲಿ ಅಷ್ಟುದ್ದ ಹರಿದಿದೆ. ಅದನ್ನ ಯಾರು ಹಾಕ್ತಾರೆ, ಟ್ರೆವರ್ ಬರ್ತಾನಾ?"

ವಿಮಾನದವರೆಗೆ ಬ್ರಾನ್ವಿನ್ ತನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋದಳು. ನಾನು ಏಣಿ ಹತ್ತುವಾಗ, "ನಿಮ್ಮ ಇನ್ನೊಂದು ಬೂಟು ಸಿಕ್ಕಿದ್ರೆ ಕಳಿಸ್ತೀನಿ" ಎಂದಳು. ನಗಲಿಲ್ಲ. ನಾನೂ ನಗಲಿಲ್ಲ. ಮೇಲಿಂದ ನೋಡಿದಾಗ ಬಯಲೆಲ್ಲ ನೀರು. ಒಡ್ಡು ಮಾತ್ರ ಒಂದು ಗೆರೆಯ ಹಾಗೆ ಕಾಣುತ್ತಿತ್ತು.

ನಾನೀಗ ತಂಗಿಯ ಮನೆಯ ಹಿಂದಿನ ಕೋಣೆಯಲ್ಲಿದ್ದೇನೆ. ಮಳೆ ಬಂದರೆ ಛಾವಣಿ ಸೋರುವುದಿಲ್ಲ, ಗಾಳಿ ಬಂದರೆ ಗೋಡೆ ಅಲುಗುವುದಿಲ್ಲ. ಅಷ್ಟಕ್ಕೇ ರಾತ್ರಿ ನಿದ್ದೆ ಬರುತ್ತದೆ. ನೆವಿಲ್ ಭಾನುವಾರಗಳಂದು ಫೋನ್ ಮಾಡುತ್ತಾನೆ. ಮೊದಲೆರಡು ಸಲ ನಾನು ಎತ್ತಲಿಲ್ಲ. ಮೂರನೆಯ ಸಲ ಎತ್ತಿದೆ.

"ಗ್ಲೆನ್, ಹೇಗಿದೀಯ? ಇಲ್ಲಿ ನೆಲ ಒಣಗಿದೆ. ಡಾರ್ಸಿ ತಂತಿ ಬಿಗಿಯೋದು ಹೇಳಿಕೊಡ್ತಿದಾನೆ. ನಾನು ಯೋಚಿಸ್ತಿದ್ದೆ, ನಾವಿಬ್ರೂ..."

"ಬೇಲಿ ಮುಗೀತಾ?"

"ಇನ್ನೂ ಇಲ್ಲ. ಅರ್ಧ ಆಗಿದೆ."

"ಮುಗಿಸಿ ಮಾತಾಡು" ಎಂದು ಫೋನ್ ಇಟ್ಟೆ. ತಂಗಿ ಅಡುಗೆಮನೆಯಿಂದ ಇಣುಕಿ, ಯಾರದು ಅಂತ ಕೇಳಿದಳು. ನೆವಿಲ್ ಅಂದೆ. ಅವಳು ಇನ್ನೇನೂ ಕೇಳದೆ ಆಲೂಗಡ್ಡೆಯ ಬುಟ್ಟಿಯನ್ನೂ ಒಂದು ಚಾಕುವನ್ನೂ ನನ್ನ ಮುಂದೆ ತಂದಿಟ್ಟಳು. ನಾನು ಸಿಪ್ಪೆ ಹೆರೆಯುತ್ತಾ ಕೂತೆ. ಹೆರೆದದ್ದೆಲ್ಲ ದಪ್ಪ ದಪ್ಪಗೆ ಬರುತ್ತಿತ್ತು. "ಮೆಲ್ಲಗೆ ಅಕ್ಕಾ, ಏನೂ ಉಳಿಯಲ್ಲ" ಎಂದಳು ಅವಳು.